ಕ್ಯಾಮೆರಾಕ್ಕಾಗಿ ಹಳೇ ಕಾಲ ಮತ್ತೆ ಕಟ್ಟಬಹುದೇ?

ಪ್ರಶ್ನೆ: ನಾನು ಕುಮಟಾ ಕಡೆಯವನು. ಪಕ್ಕದ ಹಾಲಕ್ಕಿ ಒಕ್ಕಲಿಗರ ಕೊಪ್ಪದ (ಕೇರಿಯ) ಸುಗ್ಗಿ ಕುಣಿತದ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಫ್ರೇಮಿನಲ್ಲಿ ಎಲ್ಲಿ ನೋಡಿದರೂ ಮೊಬೈಲು, ಬೈಕು, ಸಿಮೆಂಟಿನ ಗೋಡೆ. ಅವನ್ನೆಲ್ಲ ಬದಿಗಿಟ್ಟು, ಅಜ್ಜಂದಿರ ಕಾಲದಲ್ಲಿ ಇದ್ದ ಹಾಗೆ ಇನ್ನೊಮ್ಮೆ ಮಾಡಿಸಿ ಶೂಟ್ ಮಾಡಿದರೆ ತಪ್ಪಾ? ಊರವರು ಒಪ್ಪಿದ್ದಾರೆ.

ಉತ್ತರ: ನಿಮ್ಮ ಪ್ರಶ್ನೆಗೆ ನೂರು ವರ್ಷ ದಾಟಿದೆ. ರಾಬರ್ಟ್ ಫ್ಲಾಹರ್ಟಿ ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯಲ್ಲಿ, ಆ ಹಿಮನಾಡಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರ ನಡುವೆ ಇದ್ದು ತೆಗೆದ ‘ನಾನೂಕ್ ಆಫ್ ದ ನಾರ್ತ್’ 1922ರಲ್ಲಿ ತೆರೆಗೆ ಬಂತು. ಚಿತ್ರದ ನಾಯಕ ನಾನೂಕ್. ಆದರೆ ಆ ಬೇಟೆಗಾರನ ನಿಜವಾದ ಹೆಸರು ಅಲ್ಲಾಕರಿಯಲ್ಲಾಕ್. ಹೆಂಡತಿ ಎಂದು ತೋರಿಸಿದವಳು ಅವನ ಹೆಂಡತಿಯಲ್ಲ. ಆ ಹೊತ್ತಿಗೆ ಅಲ್ಲಿನವರು ಬಂದೂಕು ಬಳಸುತ್ತಿದ್ದರು. ಫ್ಲಾಹರ್ಟಿ ಕೇಳಿದ್ದು ಹಳೇ ಈಟಿಯ ಬೇಟೆ. ಹಿಮದ ಮನೆ, ಅಂದರೆ ಇಗ್ಲೂ ಒಳಗೆ ಬೆಳಕು ಸಾಲಲಿಲ್ಲ. ಅದಕ್ಕೆ ಒಂದು ಇಗ್ಲೂವಿನ ಅರ್ಧ ಭಾಗವನ್ನೇ ತೆಗೆದುಹಾಕಿದರು. ಆ ಬಯಲು ಚಳಿಯಲ್ಲೇ ಮನೆಯವರು ಮಲಗಿ ಏಳುವ ದೃಶ್ಯ ಚಿತ್ರೀಕರಿಸಿದರು.

ಇದೆಲ್ಲ ಮೋಸವೇ? ನಾನು ಹಾಗೆ ಒಂದೇ ಮಾತಿನಲ್ಲಿ ಹೇಳಲಾರೆ. ಈಟಿ ಬೇಟೆಯನ್ನೇ ನೋಡಿ. ಅದು ಅವರದೇ ಹಿರಿಯರ ಕಸುಬು. ಬೇಟೆಯಾಡಿದ ವಾಲ್ರಸ್, ಅಂದರೆ ಕೋರೆಹಲ್ಲಿನ ದೊಡ್ಡ ಕಡಲಪ್ರಾಣಿ, ನಿಜವಾದದ್ದು, ಅಪಾಯವೂ ನಿಜವಾದದ್ದು. ತೆಗೆದ ರೀಲನ್ನು ಫ್ಲಾಹರ್ಟಿ ಅಲ್ಲೇ ತೊಳೆದು ಅವರಿಗೇ ತೋರಿಸಿದರು. ಜನ ತೆರೆಯ ಮೇಲಿನ ವಾಲ್ರಸ್ ನೋಡಿ ‘ಹಿಡಿರಿ, ಬಿಡಬೇಡಿ’ ಎಂದು ಕೂಗಿದರಂತೆ. ಆ ಬೇಟೆಯಲ್ಲಿ ಅವರಿಗೂ ಪಾಲಿತ್ತು, ಅಲ್ವಾ?

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ವ್ಯಾಪಾರಿ ಗ್ರಾಮಫೋನ್ ಹಾಕುತ್ತಾನೆ, ನಾನೂಕ್ ಬೆರಗಾಗಿ ರೆಕಾರ್ಡನ್ನು ಕಚ್ಚಿ ನೋಡುತ್ತಾನೆ. ಬಿಳಿಯರ ಜೊತೆ ತುಪ್ಪಳದ ವ್ಯಾಪಾರ ಮಾಡಿ ಗೊತ್ತಿದ್ದವರು ಅವರು. ಬುದ್ಧಿವಂತ ಬೇಟೆಗಾರನನ್ನು ಏನೂ ತಿಳಿಯದವನ ಹಾಗೆ ತೋರಿಸಿ, ದೂರದ ಊರಿನ ಪ್ರೇಕ್ಷಕರನ್ನು ನಗಿಸಿದ ದೃಶ್ಯ ಅದು. ಇವತ್ತಿಗೂ ನನಗೆ ನೋಡುವಾಗ ಸಂಕಟವಾಗುತ್ತದೆ. ಬೇಟೆಯನ್ನು ‘ಇದು ಅಜ್ಜನ ಕಾಲದ ರೀತಿ, ಇವರು ನಮಗಾಗಿ ಮಾಡಿ ತೋರಿಸಿದರು’ ಎಂದು ಧೈರ್ಯವಾಗಿ ಬರೆದು ಹಾಕಬಹುದು. ಗ್ರಾಮಫೋನ್ ದೃಶ್ಯದ ಕೆಳಗೆ ಹಾಗೆ ಬರೆದರೆ ದೃಶ್ಯವೇ ಬಿದ್ದುಹೋಗುತ್ತದೆ. ನಿಮ್ಮ ಒಂದೊಂದು ಶಾಟನ್ನೂ ಹೀಗೇ ಒರೆಗೆ ಹಚ್ಚಿ ನೋಡಿ.

ಹಾಗಾದರೆ ಮೊಬೈಲು, ಬೈಕು? ದಯವಿಟ್ಟು ತೆಗೆಯಬೇಡಿ. ಬೈಕಿನಲ್ಲಿ ಬಂದಿಳಿದು ಕುಣಿತಕ್ಕೆ ನಿಲ್ಲುವ ಹುಡುಗನೇ ಈ ಕುಣಿತ ಇನ್ನೂ ಜೀವಂತ ಇದೆ ಅನ್ನುವುದಕ್ಕೆ ಸಾಕ್ಷಿ. ಹಳೇ ರೀತಿ ಬೇಕೇ ಬೇಕು ಅಂದರೆ, ಹಿರಿಯರು ಹುಡುಗರಿಗೆ ‘ಹಾಗಲ್ಲ, ಹೀಗೆ’ ಎಂದು ಕಲಿಸುವುದನ್ನು ಶೂಟ್ ಮಾಡಿ. ನೀವು ಅವರನ್ನು ಕೇಳಿಕೊಂಡ ಮಾತೂ ಚಿತ್ರದಲ್ಲಿರಲಿ. ಕೆನಡಾದ ಇಗ್ಲೂಲಿಕ್‌ನಲ್ಲಿ ಜಕರಾಯಸ್ ಕುನುಕ್ ಮತ್ತು ಅವರ ಇನ್ಯುಯಿಟ್ ಗೆಳೆಯರು ಹಿರಿಯರ ನೆನಪು ಕೇಳಿ ಕೇಳಿ ಹಳೇ ಬದುಕನ್ನು ತಾವೇ ಮತ್ತೆ ಕಟ್ಟಿ ಚಿತ್ರ ಮಾಡಿದ್ದಾರೆ. ಅಲ್ಲಿ ಏನನ್ನು ನೆನೆಯಬೇಕು ಅನ್ನುವ ತೀರ್ಮಾನ ಅವರದೇ.

‘ಒಪ್ಪಿದ್ದಾರೆ’ ಎಂದಿದ್ದೀರಿ. ಯಾವುದಕ್ಕೆ ಒಪ್ಪಿದ್ದಾರೆ? ಶೂಟಿಂಗಿಗೋ, ಯೂಟ್ಯೂಬಿಗೆ ಹಾಕುವುದಕ್ಕೋ? ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಎಡಿಟ್ ಮುಗಿಸುವ ಮೊದಲೇ ಕೊಪ್ಪದಲ್ಲಿ ಒಂದು ಬಿಳಿ ಪಂಚೆ ಕಟ್ಟಿ ತೋರಿಸಿ. ಫ್ರಾನ್ಸಿನ ಚಿತ್ರನಿರ್ದೇಶಕ ಜ್ಯಾಂ ರೂಷ್ ಮತ್ತು ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾಂ 1960ರ ಬೇಸಿಗೆಯಲ್ಲಿ ಪ್ಯಾರಿಸ್ಸಿನ ಜನರನ್ನು ಚಿತ್ರೀಕರಿಸಿ, ಅವರಿಗೇ ತೋರಿಸಿದರು. ಇದು ನಿಜ, ಅದು ಬರೀ ನಟನೆ ಎಂದು ಅವರು ವಾದ ಮಾಡಿದ್ದನ್ನೂ ಶೂಟ್ ಮಾಡಿ ಚಿತ್ರದ ಕೊನೆಗೆ ಸೇರಿಸಿದರು. ನಿಮ್ಮ ಕೊಪ್ಪದಲ್ಲೂ ಯಾರಾದರೂ ‘ಇದು ಸರಿಯಿಲ್ಲ’ ಎಂದರೆ ಸುಮ್ನೆ ಕತ್ತರಿಸಬೇಡಿ, ಕ್ಯಾಮೆರಾ ಆನ್ ಇಡಿ.

ಇನ್ನೊಂದು ಮಾತು. ಸುಗ್ಗಿ ಬರುವುದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಬೇರೆ ತಿಂಗಳಲ್ಲಿ ಮಾಡಿಸುವ ಯೋಚನೆ ಇದ್ದರೆ, ಅಕಾಲದಲ್ಲಿ ಕುಣಿಯಬಹುದೇ ಎಂದು ಮೊದಲು ಹಿರಿಯರನ್ನು ಕೇಳಿ. ನಿಮ್ಮ ಮುಲಾಜಿಗೆ ಹೂಂ ಎಂದವರ ಮನೆಯೊಳಗೆ ಏನು ಮಾತು ನಡೆದಿದೆ ಅಂತ ವಿಚಾರಿಸಿ. ಅಳುಕು ಕಂಡರೆ ಮುಂದಿನ ಸುಗ್ಗಿಯವರೆಗೆ ಕಾಯಿರಿ.