ದುಡಿಮೆ ನನ್ನದು, ಸಹಿ ಅಣ್ಣನದಾ?

ಪ್ರಶ್ನೆ: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮಲ್ಲಿಗೆ ಕಟ್ಟಿ ದುಡಿಯುತ್ತೇನೆ. ಎಟಿಎಂ ಕಾರ್ಡ್ ಕೇಳಿದರೆ ಬ್ಯಾಂಕಿನವರು ನನ್ನನ್ನು ಬಿಟ್ಟು, ಜೊತೆಗಿದ್ದ ಅಣ್ಣನಿಗೆ "ಜಂಟಿ ಖಾತೆ ಮಾಡಿಸಿ" ಎಂದರು. ಏನು ಮಾಡಲಿ?
– ಓದುಗಿ, ಭಟ್ಕಳ

ಉತ್ತರ: ಓದಿ ಬೇಜಾರಾಯಿತು, ಸಿಟ್ಟೂ ಬಂತು. ನಿಮ್ಮ ಅಣ್ಣ ಒಳ್ಳೆಯವರೇ ಇರಬಹುದು. ಆದರೆ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಬೆರಳು ನಿಮ್ಮದು ಅಲ್ವಾ? ಆ ದುಡ್ಡಿಗೆ ಇನ್ನೊಬ್ಬರ ಸಹಿ ಯಾಕೆ? ನಿಮಗೆ ಬೇಡವಾದರೆ ಜಂಟಿ ಖಾತೆಗೆ ಒಪ್ಪಬೇಡಿ.

ಕಣ್ಣು ಕಾಣದವರಿಗೂ ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ ಎಲ್ಲವನ್ನೂ ಭೇದವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಇದೆ.

ಬಾಯಿಮಾತು ಸಾಕು, ಇನ್ನು ಅರ್ಜಿ ಬರೆದು ಕೊಡಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ಅಣ್ಣನಿಗೂ ಒಂದು ಮಾತು: ಮುಂದಿನ ಸಲ ನಿಮ್ಮನ್ನು ಕೇಳಿದರೆ, "ಖಾತೆ ತಂಗಿಯದು, ಅವಳನ್ನೇ ಕೇಳಿ" ಅನ್ನಿ.