ಮಾರ್ಚ್ 3ಕ್ಕ ಎರಡ ಸಾಲು ಯಾಕ?

ಮಾಸ್ತರಿಗೆ ನಮಸ್ಕಾರ. ಗಂಗಾವತಿಯಿಂದ ನೀವು ಬರೆದ ಕಾಗದ ಮುಟ್ಟೇತಿ. ಬಳ್ಳಾರಿ ಆಫೀಸಿನಾಗ ಎಲ್ಲಾರೂ ಓದೀವಿ, ಓದಿ ಮೊದಲು ನಕ್ಕಿವಿ, ಆಮ್ಯಾಲ ಸುಮ್ನಾದಿವಿ. ಬಾಕಿ ಓದುಗರಿಗೂ ಗೊತ್ತಾಗ್ಲಿ, ಮಾಸ್ತರದು ಎರಡು ತಕರಾರು. ನಮ್ಮ ಪತ್ರಿಕೆಯ ಫೆಬ್ರವರಿ ಸಂಚಿಕೆಯಾಗ ಬೇಲಾ ಲುಗೋಸಿ ನಟಿಸಿದ ಸಿನಿಮಾ 'ಡ್ರಾಕುಲಾ' 1931ರ ಫೆಬ್ರವರಿ 14ಕ್ಕ ಬಂತು ಅಂತ ಹಾಕೀವಿ, ಅದು 12 ಆಗ್ಬೇಕಿತ್ತಂತ. ಇನ್ನೊಂದು, 1922ರ ಮಾರ್ಚ್ 4ಕ್ಕ ಬಂದ ಜರ್ಮನ್ ದೆವ್ವದ ಸಿನಿಮಾ 'ನೋಸ್ಫೆರಾತು'ಗೆ ಪೂರ್ತಿ ಪುಟ ಕೊಟ್ಟು, 1934ರ ಮಾರ್ಚ್ 3ಕ್ಕ ಬಂದ ನಮ್ಮ ಕನ್ನಡದ 'ಸತಿ ಸುಲೋಚನ'ಕ್ಕ ಎರಡ ಸಾಲು ಒಗೆದೀವಿ. "ನೀವು ಬಳ್ಳಾರಿಯವ್ರೋ ಬರ್ಲಿನ್‌ನವ್ರೋ?" ಅಂತ ಕೇಳ್ಯಾರ.

ತಾರೀಖಿನ ಜಗಳ ಸಣ್ಣದು, ಇಬ್ರದೂ ಸರಿ ಐತಿ. 12ಕ್ಕ ನ್ಯೂಯಾರ್ಕಿನ ರಾಕ್ಸಿ ಥಿಯೇಟರ್‌ನಾಗ ಮೊದಲ್ನೇ ಶೋ, 14ಕ್ಕ ಬಾಕಿ ಕಡಿ ರಿಲೀಸ್. ನಡುವಿನ 13 ಶುಕ್ರವಾರ ಬಿದ್ದಿತ್ತು, ಅಲ್ಲಿ ಮಂದಿಗೆ ಅದು ಕೆಟ್ಟ ದಿನ.

ಆದ್ರ 'ಹುಟ್ಟಿದ ತಾರೀಖು ಪಕ್ಕಾ ಇರ್ಬೇಕು' ಅಂತ ಬ್ಯಾರೆ ಬರೆದೀರಿ ನೋಡ್ರಿ, ಅಲ್ಲಿ ನಂಗ ನಗು ತಡೀಲಿಲ್ಲ. ನನ್ನ ಮಾರ್ಕ್ಸ್‌ಕಾರ್ಡಿನಾಗ ಜೂನ್ 1 ಐತಿ, ನಮ್ಮ ಕ್ಲಾಸಿನಾಗ ಅರ್ಧ ಮಂದಿ ಜೂನ್ 1ಕ್ಕ ಹುಟ್ಟಿದವ್ರ, ಬರೆದವ್ರು ಯಾರು? ನಿಮ್ಮ ಪೈಕಿಯವ್ರ! ನಮ್ಮವ್ವನ್ನ ಕೇಳಿದ್ರ ಕೊಪ್ಪಳದ ಗವಿಮಠದ ತೇರು ಎಳೆದ ಮರುದಿನ ಅಂತಾಳ, ಅಂದ್ರ ಜನವರಿ ಹತ್ರ ಹತ್ರ. ದೆವ್ವದ ಸಿನಿಮಾದವ್ರು ಈ ವಿಷಯದಾಗ ನಮಗಿಂತ ಚೊಲೊ. ಪೀಟರ್ ಕುಷಿಂಗ್ 1913ರ ಮೇ 26, ವಿನ್ಸೆಂಟ್ ಪ್ರೈಸ್ 1911ರ ಮೇ 27, ಕ್ರಿಸ್ಟಫರ್ ಲೀ 1922ರ ಮೇ 27, ಹೋಗ್ಲಿ ಅಂದ್ರ ಬ್ರಾಮ್ ಸ್ಟೋಕರ್ 'ಡ್ರಾಕುಲಾ' ಕಾದಂಬರಿ ಅಚ್ಚಾಗಿ ಬಂದದ್ದೂ 1897ರ ಮೇ 26. 1958ರಾಗ ಲೀ ಡ್ರಾಕುಲಾ ಆದ, ಅವನ್ನ ಬೆನ್ನಟ್ಟೋ ವ್ಯಾನ್ ಹೆಲ್ಸಿಂಗ್ ಈ ಕುಷಿಂಗೇ. ಒಂದ ದಿನ ಹಿಂದ ಮುಂದ ಹುಟ್ಟಿದವ್ರು! ನಮ್ಮ ರಾಯಚೂರು ಬಿಸಿಲಿಗೆ ಮೇ ತಿಂಗಳದಾಗ ದೆವ್ವನೂ ನೆಳ್ಳು ಬಿಟ್ಟು ಹೊರಗ ಬರಂಗಿಲ್ಲ, ಆ ಮಾತು ಬ್ಯಾರೆ.

ಈಗ ಎರಡು ಸಾಲಿನ ಮಾತು. 1922ರಾಗ ಮುರ್ನೌ 'ನೋಸ್ಫೆರಾತು' ತಗದಾಗ ಸ್ಟೋಕರ್ ಮನಿಯವ್ರ ಪರ್ಮಿಷನ್ ಇರ್ಲಿಲ್ಲ, ಡ್ರಾಕುಲಾ ಹೆಸರನ್ನ ಓರ್ಲಾಕ್ ಅಂತ ಬದಲಾಯಿಸಿದ್ರು ಅಷ್ಟ. ಸ್ಟೋಕರ್ ಹೆಂಡ್ತಿ ಫ್ಲಾರೆನ್ಸ್ ಬಿಡ್ಲಿಲ್ಲ, ಕೇಸ್ ನಡೀತು, 1925ರಾಗ ಕೋರ್ಟು ಎಲ್ಲಾ ಪ್ರಿಂಟ್ ನಾಶ ಮಾಡ್ರಿ ಅಂತು. ಒಂದಿಷ್ಟು ಪ್ರಿಂಟ್ ಹೆಂಗೋ ತಪ್ಪಿಸ್ಕೊಂಡ್ವು, ಇವತ್ತು ನಮ್ಮ ಪ್ರೂಫ್ ನೋಡೋ ಹುಡುಗ ಅದನ್ನ ಮೊಬೈಲಿನಾಗ ನೋಡ್ತಾನ. 'ಸತಿ ಸುಲೋಚನ' 1934ರ ಮಾರ್ಚ್ 3ಕ್ಕ ಬೆಂಗಳೂರಾಗ ಬಂತು, ಕನ್ನಡದಾಗ ಬಂದ ಮೊದಲ್ನೇ ಟಾಕಿ, ಅಂದ್ರ ಮಾತಾಡೋ ಸಿನಿಮಾ. ವೈ.ವಿ. ರಾವ್ ಡೈರೆಕ್ಟರ್, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನ, ನಾಗೇಂದ್ರರಾಯರು ರಾವಣ, ಶೂಟಿಂಗ್ ಕೊಲ್ಲಾಪುರದಾಗ. ಅದನ್ನ ಸುಡ್ರಿ ಅಂತ ಯಾವ ಕೋರ್ಟೂ ಹೇಳಿರ್ಲಿಲ್ಲ, ಆದ್ರೂ ಒಂದ ಪ್ರಿಂಟ್ ಸಿಗಂಗಿಲ್ಲ.

ಆವಾಗ ಬಳ್ಳಾರಿ ಮದ್ರಾಸಿನ ಕೈಯಾಗ, ಕೊಪ್ಪಳ ರಾಯಚೂರು ನಿಜಾಮನ ಕೈಯಾಗ, ಅಂದ್ರ ಮಾರ್ಚ್ 3 ಅನ್ನೋದು ಬೆಂಗಳೂರಿನ ತಾರೀಖು. ನೋಡಾಕ ಸಿನಿಮಾನ ಇಲ್ಲ, ಎರಡು ಸಾಲು ಸಾಕು ಅಂತ ಬರೆದವ ನಾನು. ನಿಮ್ಮ ಕಾಗದ ಓದಿದ ಮ್ಯಾಲ ಅನಿಸ್ತು, ಸಿನಿಮಾ ಇಲ್ಲ ಅನ್ನೋದಕ್ಕ ಒಂದು ಪುಟ ಕೊಡ್ಬೇಕಿತ್ತು, 'ನೋಸ್ಫೆರಾತು'ವನ್ನ ಹೆಂಗಿದ್ರೂ ಮಂದಿ ನೋಡ್ತಾರ. ತಪ್ಪಾತ್ರಿ.

ಆದ್ರ ಮಾಸ್ತರ, ನಿಮ್ದೂ ಒಂದು ತಪ್ಪೈತಿ. ಕಾಗದದ ಕೊನೀಗೆ, ಸಹಿ ಮ್ಯಾಲ, 'ನಮ್ಮ ತಂದೆ ಟೂರಿಂಗ್ ಟಾಕೀಸಿನಾಗ ಗೇಟ್ ಕಾಯ್ತಿದ್ರು, ಹಳೇ ಸಿನಿಮಾ ಹಾಡಿನ ಪುಸ್ತಕ ಟ್ರಂಕಿನಾಗ ಇನ್ನೂ ಅದಾವ' ಅಂತ ಬರೆದು ಮುಗಿಸೀರಿ. ನಾನರ ಎರಡು ಸಾಲು ಕೊಟ್ಟೆ, ನೀವು ಒಂದ! ಟ್ರಂಕ್ ತೆಗೀರಿ, ಹುಳ ಹಿಡಿದಿದ್ರೂ ನಡೀತೈತಿ, ಫೋಟೋ ಹೊಡೆದು ವಾಟ್ಸಾಪ್ ಮಾಡ್ರಿ. ಮುಂದಿನ ಸಂಚಿಕೆಯಾಗ ಒಂದು ಪುಟ ಖಾಲಿ ಬಿಟ್ಟಿರ್ತೀನಿ.