ಮಗಳ ವಾಚ್ ತೋರಿಸುವ ಕ್ಯಾಲರಿ ಲೆಕ್ಕ ನಂಬಬಹುದಾ?

ಸ್ಮಾರ್ಟ್‌ವಾಚ್‌ನಲ್ಲಿ ಖರ್ಚಾದ ಕ್ಯಾಲರಿ ಕಡಿಮೆ ಬಂದ ದಿನ 13 ವರ್ಷದ ಮಗಳು ರಾತ್ರಿ ಊಟ ಬಿಡುತ್ತಾಳೆ, ಆ ಲೆಕ್ಕ ಎಷ್ಟು ಸರಿ ಅಂತ ಕೇಳಿದ್ದೀರಿ. ಮೊದಲು ಊಟದ ಮಾತು ಹೇಳಿಬಿಡುತ್ತೇನೆ. ಬೆಳೆಯುವ ಮಗು ಆ ನಂಬರ್ ನೋಡಿಕೊಂಡು ಒಂದು ಹೊತ್ತೂ ಹಸಿದು ಮಲಗಬಾರದು. ಅದು ಅಳೆದ ಲೆಕ್ಕ ಅಲ್ಲ, ಬರೀ ಅಂದಾಜು.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಒಮ್ಮೆ ವಾಚ್ ಕಟ್ಟಿದ್ದ ಹುಡುಗನೊಬ್ಬನನ್ನು ಮೈದಾನದಲ್ಲಿ ನಡೆಸಿ, ಪಕ್ಕದಲ್ಲೇ ನಡೆಯುತ್ತಾ ಜೋರಾಗಿ ಹೆಜ್ಜೆ ಎಣಿಸಿದೆ. ಕೈ ಬೀಸಿ ನಡೆದಾಗ ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು. ಆಮೇಲೆ ಬ್ಯಾಗ್ ಹಾಕಿಸಿದೆ. ಮಕ್ಕಳು ಎರಡೂ ಕೈಯಲ್ಲಿ ಬ್ಯಾಗಿನ ಪಟ್ಟಿ ಹಿಡಿದು ನಡೀತಾರಲ್ವಾ, ಹಾಗೆ. ನಾನು 100 ಎಣಿಸಿದೆ, ವಾಚ್ 60 ಕೂಡ ದಾಟಿರಲಿಲ್ಲ. ಕೈ ಅಲುಗಾಡದಿದ್ದರೆ ಪಾಪ ಅದಕ್ಕೇನು ಗೊತ್ತಾಗಬೇಕು? ಸೈಕಲ್ ತುಳಿದರೂ ಇದೇ ಕಥೆ. ನಿಮ್ಮ ಮಗಳು ಸ್ಕೂಲಿಗೆ ಹೇಗೆ ಹೋಗುತ್ತಾಳೆ ಅಂತ ಒಮ್ಮೆ ಗಮನಿಸಿ.

ಹೆಜ್ಜೆಯಲ್ಲೇ ಇಷ್ಟು ವ್ಯತ್ಯಾಸ. ಕ್ಯಾಲರಿಯಂತೂ ವಾಚ್‌ಗೆ ಕಾಣುವುದೇ ಇಲ್ಲ. ಕೈಯ ಅಲುಗಾಟ, ಎದೆಬಡಿತ, ನೀವು ತುಂಬಿದ ವಯಸ್ಸು, ತೂಕ ಇವನ್ನೆಲ್ಲ ಸೇರಿಸಿ ಒಂದು ಸೂತ್ರ ಹಾಕಿ ಹೇಳುತ್ತದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ 7 ಸಾಧನಗಳನ್ನು 60 ಜನರ ಕೈಗೆ ಕಟ್ಟಿ ನೋಡಿದರು. ಎದೆಬಡಿತದ ಲೆಕ್ಕ 6ರಲ್ಲಿ ಚೆನ್ನಾಗಿಯೇ ಇತ್ತು, ತಪ್ಪು ಶೇ. 5ರ ಒಳಗೆ. ಕ್ಯಾಲರಿಯಲ್ಲಿ ಮಾತ್ರ ಇದ್ದುದರಲ್ಲಿ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ತೀರಾ ಕೆಟ್ಟದ್ದು ಶೇ. 93. ಅದೂ ದೊಡ್ಡವರ ಮೇಲೆ ಮಾಡಿದ ಪರೀಕ್ಷೆ.

ಮಕ್ಕಳದ್ದು ಇನ್ನೂ ಕಷ್ಟ. ಸುಮ್ನೆ ಕೂತಿದ್ದರೂ ಅವರ ಮೈ ಕಿಲೋ ತೂಕಕ್ಕೆ ದೊಡ್ಡವರಿಗಿಂತ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ದೊಡ್ಡವರ ಸೂತ್ರ ಅವರಿಗೆ ಹೊಂದುವುದಿಲ್ಲ. ಆಟವೂ ಹಾಗೇ, ಖೋ-ಖೋದಲ್ಲಿ ನಾಲ್ಕು ಸೆಕೆಂಡ್ ಓಡಿ ಕೂತುಬಿಡುತ್ತಾರೆ. ಅದಕ್ಕೇ ಸಂಶೋಧಕರು ಮಕ್ಕಳ ಸೊಂಟಕ್ಕೆ ಸೆನ್ಸರ್ ಕಟ್ಟಿ 15 ಸೆಕೆಂಡಿಗೊಮ್ಮೆ ಅಥವಾ ಅದಕ್ಕಿಂತ ಬೇಗ ಲೆಕ್ಕ ಹಿಡಿಯುತ್ತಾರೆ. ನಿಜವಾದ ಶಕ್ತಿಯ ಖರ್ಚು ಬೇಕು ಅಂದರೆ ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಅಳೆಯಬೇಕು. ಇಲ್ಲವೇ ವಿಶೇಷವಾಗಿ ತಯಾರಿಸಿದ ನೀರು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡಬೇಕು.

ವಾಚ್ ಬಿಚ್ಚಿಸಿ ಅಂತ ನಾನು ಹೇಳಲ್ಲ. ಪರದೆಯಲ್ಲಿ ಕ್ಯಾಲರಿ ಕಾಣದಂತೆ ಮಾಡಿ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ ಬೇಕು ಅನ್ನುತ್ತದೆ. ಸಂಜೆ ನೀವೂ ಅವಳ ಜೊತೆ ಬಿರಬಿರನೆ ನಡೆಯಿರಿ. ಮಾತಾಡೋಕೆ ಆಗುತ್ತೆ, ಹಾಡೋಕೆ ಆಗಲ್ಲ ಅನ್ನುವಷ್ಟು ಉಸಿರು ಏರಿದರೆ ಆ ನಿಮಿಷ ಲೆಕ್ಕಕ್ಕೆ ಬಂತು. ಮನೆಗೆ ಬಂದ ಮೇಲೆ ಒಟ್ಟಿಗೆ ಊಟಕ್ಕೆ ಕೂತುಕೊಳ್ಳಿ. ಆಗಲೂ ತಟ್ಟೆ ದೂಡಿದರೆ ಬೈಯಬೇಡಿ, ತಡ ಮಾಡದೆ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.